ಬಸ್ಸಿನ ಪಟ್ಟಿಯ ಮೆಟ್ಟುಗತ್ತಿ

ನಿಜ ಹೇಳಿ, ನಿಮ್ಮ ಅಡುಗೆಮನೆಯ ಚಾಕು ಟೊಮೆಟೊ ಹೆಚ್ಚುತ್ತದೋ, ಇಲ್ಲ ಅದರ ಬೆನ್ನು ಸವರಿ ಸಮಾಧಾನ ಹೇಳುತ್ತದೋ?

ನಾಚಿಕೊಳ್ಳಬೇಡಿ. ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಮೊಮ್ಮಗಳು ಫೋನಿನಲ್ಲೇ ತರಿಸಿದ್ದು. ಹಿಡಿ ನೇರಳೆ ಬಣ್ಣ, ಅಲಗು ಕನ್ನಡಿ. ಅದರಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದು, ಈರುಳ್ಳಿ ಮಾತ್ರ ಹೆಚ್ಚಲಿಕ್ಕಾಗುವುದಿಲ್ಲ. "ಇದಕ್ಕೆ ತುಕ್ಕೇ ಹಿಡಿಯಲ್ಲ ಅಜ್ಜಿ" ಅಂದಳು. "ತುಕ್ಕು ಹಿಡಿಯಕ್ಕೂ ಒಂದು ಯೋಗ್ಯತೆ ಬೇಕು ಕಣೆ" ಅಂದೆ. ಈ ಫೋನಿನಲ್ಲಿ ಅಕ್ಷರ ಒತ್ತುವುದನ್ನು ನನಗೆ ಕಲಿಸುತ್ತಿರುವವಳು ಅವಳೇ ಆದ್ದರಿಂದ ಹೆಚ್ಚು ಅನ್ನಲಿಲ್ಲ. ಆದರೆ ಚಾಕು ಅಂದ ಕೂಡಲೇ ನನ್ನ ಹೊಟ್ಟೆಯೊಳಗೆ ಒಂದು ಹಳೆಯ ಒಲೆ ಹೊತ್ತಿಕೊಳ್ಳುತ್ತದೆ. ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾನು ಹುಟ್ಟಿದ್ದು ಶಿಕಾರಿಪುರದ ಕಡೆ, ಉಡುತಡಿಯ ಹತ್ತಿರ. ಮದುವೆಯಾಗಿ ಬಂದದ್ದು ಸೊರಬದ ಹೊಸಬಾಳೆಗೆ. ನಯಾಪೈಸೆ ಹೊಸದಾಗಿ ಬಂದು, ಅಂಗಡಿಯವನೂ ಗಿರಾಕಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದ ಕಾಲ ಅದು. ಮನೆಯಲ್ಲಿ ಅತ್ತೆ, ಮಾವ, ಭಾವ, ಭಾವನ ಹೆಂಡತಿ, ನಮ್ಮ ಯಜಮಾನರು, ಕೊನೆಯವಳು ನಾನು. ಭಾವನ ಹೆಂಡತಿಯನ್ನು ಅಕ್ಕ ಅಂತ ಕರೆಯುತ್ತಿದ್ದೆ. ಬಾಯಲ್ಲಿ ಅಕ್ಕ. ಹೊಟ್ಟೆಯೊಳಗೆ ಬೇರೆ ಹೆಸರಿತ್ತು, ಅದನ್ನು ಇಲ್ಲಿ ಒತ್ತುವುದು ಬೇಡ.

ಆ ಮನೆಯಲ್ಲಿ ಎರಡು ಮೆಟ್ಟುಗತ್ತಿ ಇದ್ದವು. ನಮ್ಮ ತವರಿನ ಕಡೆ ಅದನ್ನೇ ಈಳಿಗೆಮಣೆ ಅನ್ನುತ್ತೇವೆ. ಮಣೆಯ ಮೇಲೆ ಕೂತು, ಮುಂದೆ ಎದ್ದು ನಿಂತ ಅಲಗಿಗೆ ತರಕಾರಿಯನ್ನು ಒತ್ತಿ ಹೆಚ್ಚುವುದು. ಕತ್ತಿ ನಿಂತಲ್ಲೇ ಇರುತ್ತದೆ, ಬದನೆಕಾಯಿಯೇ ಅದರ ಹತ್ತಿರ ಹೋಗಬೇಕು. ಒಂದು ಮೆಟ್ಟುಗತ್ತಿ ಹಳೆಯದು. ಮಣೆ ಸವೆದು ನಡುವೆ ತಗ್ಗು ಬಿದ್ದಿತ್ತು, ಅಲಗು ಇದ್ದಿಲಿನಂತೆ ಕಪ್ಪು. ಅದು ಅಕ್ಕನದು. ಅಂದರೆ ಮನೆಯದೇ, ಆದರೆ ಅದರ ಮೇಲೆ ಅಕ್ಕನನ್ನು ಬಿಟ್ಟು ಬೇರೆ ಯಾರೂ ಕೂರುತ್ತಿರಲಿಲ್ಲ. ಇನ್ನೊಂದನ್ನು ನನ್ನ ಮದುವೆಯ ವರ್ಷ ಮಾವ ಶಿಕಾರಿಪುರದ ಸಂತೆಯಿಂದ ತಂದಿದ್ದರು. ಹೊಸ ಸೊಸೆ ಆ ಕಡೆಯವಳು, ಕತ್ತಿಯೂ ಆ ಕಡೆಯದೇ ಇರಲಿ ಅಂತ ಅವರ ಪ್ರೀತಿ. ಮಣೆಗೆ ಕೆತ್ತನೆ, ಅಲಗಿನ ತುದಿಗೆ ಹಿತ್ತಾಳೆಯ ಹೂವು, ಬೂದಿ ಹಾಕಿ ತಿಕ್ಕಿದರೆ ಬೆಳ್ಳಿ.

ಬೆಳ್ಳಿಯಂಥ ಆ ಅಲಗು ಬೆಳಿಗ್ಗೆ ಕಲ್ಲಿಗೆ ಮಸೆದರೆ ಮಧ್ಯಾಹ್ನದ ಸಾರಿನ ಹೊತ್ತಿಗೆ ಮೊಂಡು. ಬೆಂಡೆಕಾಯಿ ಅದಕ್ಕೆ ಸಿಕ್ಕರೆ ಮೊದಲು ಬಗ್ಗುತ್ತಿತ್ತು, ಆಮೇಲೆ ಜಜ್ಜಿಹೋಗುತ್ತಿತ್ತು, ಕೊನೆಗೆ ನನ್ನ ಮೇಲೆ ಕರುಣೆ ಬಂದು ತುಂಡಾಗುತ್ತಿತ್ತು. ಸೊಪ್ಪಂತೂ ಹೆಚ್ಚಿದ ಹೊತ್ತಿಗೇ ನೀರು ಬಿಟ್ಟು ಕಪ್ಪಾಗುತ್ತಿತ್ತು. ಪಕ್ಕದಲ್ಲೇ ಕೂತ ಅಕ್ಕನ ಕತ್ತಿಯಿಂದ ಬಾಳೆದಿಂಡು ಕಾಗದದ ಹಾಗೆ ಬೀಳುತ್ತಿತ್ತು. ಸದ್ದೇ ಬೇರೆ. ನನ್ನದು ಕರಕರ, ಅವಳದು ಸರ್ ಸರ್. ಆ ಸದ್ದು ಕೇಳಿಸದಿರಲಿ ಅಂತ ನಾನು ಒಲೆಯ ಮುಂದೆ ಸುಮ್ಮಸುಮ್ಮನೆ ಪಾತ್ರೆ ಕುಟ್ಟುತ್ತಿದ್ದೆ.

ಅತ್ತೆ ನಾನು ಹೆಚ್ಚಿದ ಹುರುಳಿಕಾಯಿಯ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದೇನೇ, ನೀನು ಹೆಚ್ಚಿದ್ದೋ, ಇಲಿ ಕಚ್ಚಿದ್ದೋ?"

"ಪಾಪ, ಅವಳೇನು ಮಾಡ್ತಾಳೆ ಬಿಡಿ ಅತ್ತೆ" ಅಕ್ಕ ನನ್ನ ಪರ ವಹಿಸುತ್ತಿದ್ದಳು. "ಶಿಕಾರಿಪುರದ ಸರಕು. ನೋಡಕ್ಕೆ ಚಂದ, ಕೆಲ್ಸಕ್ಕೆ ಸ್ವಲ್ಪ ಹಿಂದೆ."

ಹಾಗಂದಾಗ ಅವಳು ಕತ್ತಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಬೈದವರನ್ನು ಮರೆಯಬಹುದು, ಹೀಗೆ ಪರ ವಹಿಸಿದವರನ್ನು ಮರೆಯಲಿಕ್ಕಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಭೂಮಿ ಹುಣ್ಣಿಮೆಗೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿದಾಗ ಭೂಮಿ ಬಸುರಿ ಅಂತ ಲೆಕ್ಕ. ಅವಳ ಬಯಕೆಗೆ ಬೇಲಿಯ, ಕಾಡಿನ, ಹಿತ್ತಲಿನ ಕುಡಿಗಳನ್ನೆಲ್ಲ ಚಿವುಟಿ ತಂದು, ಸಣ್ಣಗೆ ಹೆಚ್ಚಿ, ಬೇಯಿಸಿ, ಬೆಳಿಗ್ಗೆ ಗದ್ದೆಯ ತುಂಬ ಚರಗ ಚೆಲ್ಲಬೇಕು. ನಮ್ಮ ತವರಲ್ಲೂ ಆ ಹುಣ್ಣಿಮೆ ಉಂಟು, ಸೀಗೆ ಹುಣ್ಣಿಮೆ ಅನ್ನುತ್ತೇವೆ, ಹೊಲದಲ್ಲಿ ಕೂತು ಹೊಟ್ಟೆ ತುಂಬ ಉಂಡು ಬರುತ್ತೇವೆ. ಹೊಸಬಾಳೆಯ ನಮ್ಮ ಮನೆಯಲ್ಲಿ ಉಣ್ಣುವುದಕ್ಕಿಂತ ಹೆಚ್ಚುವುದೇ ದೊಡ್ಡದು. "ಬಸುರಿ ಬಾಯಿಗೆ ನಾರು ಸಿಗಬಾರ್ದು" ಅನ್ನುವುದು ಅತ್ತೆಯ ಕಟ್ಟಳೆ. ಸೊಪ್ಪು ಜಜ್ಜಬಾರದು, ರಸ ಚೆಲ್ಲಬಾರದು, ಎಳೆ ಉಳಿಯಬಾರದು. ಆ ಸೊಪ್ಪನ್ನು ಹೆಚ್ಚಿದವಳೇ ಆ ವರ್ಷ ಮನೆಯ ಹೆಂಗಸು. ಉಳಿದವರು ಕೂಲಿಯವರು.

"ದೊಡ್ಡೋಳು ಹೆಚ್ಚಲಿ. ನೀನು ಕುಡಿ ಚಿವುಟ್ಕಂಡು ಬಾ" ಅನ್ನುತ್ತಿದ್ದರು ಅತ್ತೆ.

ನಾನು ಮುಳ್ಳು ಪರಚಿಸಿಕೊಂಡು ಬುಟ್ಟಿಬುಟ್ಟಿ ತಂದು ಸುರಿಯುತ್ತಿದ್ದೆ. ಅಕ್ಕ ಮಹಾರಾಣಿಯ ಹಾಗೆ ಮಣೆಯ ಮೇಲೆ ಕೂತು ಸರ್ ಸರ್. ಮರುದಿನ ಊರವರು ಚರಗದ ಬುಟ್ಟಿಯೊಳಗೆ ಇಣುಕಿ "ಎಷ್ಟು ಸಣ್ಣಗೆ ಹೆಚ್ಚೀಯೇ ಮಾರಾಯ್ತಿ" ಅನ್ನುತ್ತಿದ್ದದ್ದು ಅವಳಿಗೆ. ಆ ಜಾಗ ನನಗೆ ಬೇಕಿತ್ತು. ಆ ಜಾಗಕ್ಕೆ ಆ ಕತ್ತಿ ಬೇಕಿತ್ತು. ಅಷ್ಟೇ ನನ್ನ ಆಸೆ. ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ.

ಅಕ್ಕ ಒಮ್ಮೆ ತವರಿಗೆ ಹೋದಾಗ ನಾನು ಸೀದಾ ಹೋಗಿ ಅದರ ಮೇಲೆ ಕೂತೆ. ಒಂದು ಬಾಳೆಕಾಯಿ ಹಿಡಿದೆನೋ ಇಲ್ಲವೋ, ಅದು ತಾನಾಗಿಯೇ ಎರಡಾಯಿತು. ಇನ್ನೊಂದು ಹಿಡಿಯುವಷ್ಟರಲ್ಲಿ ಅತ್ತೆ ಬಂದರು.

"ಏಳು ಏಳು. ಅವಳ ಕೈಗೆ ಹೊಂದಿರೋ ಕತ್ತಿ ಅದು. ಬೇರೆಯೋರ ಕೈ ಬಿದ್ರೆ ಮುನಿಸ್ಕಂತದೆ."

ಕತ್ತಿಗೂ ಮುನಿಸು. ನನಗೆ ಮಾತ್ರ ಮುನಿಸಿಕೊಳ್ಳುವ ಹಾಗಿರಲಿಲ್ಲ.

ಆ ವರ್ಷ ಕೊಯ್ಲಿಗೆ ಮುಂಚೆ ಮನೆಯ ಕುಡುಗೋಲುಗಳನ್ನು ಹಣಿಸಿಕೊಂಡು, ಅಂದರೆ ಬಾಯಿ ಬಡಿಸಿ ಹರಿತ ಮಾಡಿಸಿಕೊಂಡು, ಬರುವ ಕೆಲಸ ನನ್ನ ಪಾಲಿಗೆ ಬಂತು. ಕಮ್ಮಾರನ ಕುಲುಮೆಯಲ್ಲಿ ಒಂದು ಪದ್ಧತಿ: ಯಾರ ಕೆಲಸವೋ ಅವರೇ ತಿದಿ ಒತ್ತಬೇಕು. ಅವನು ಬಡಿಯುತ್ತಾನೆ, ನಾವು ಬೆಂಕಿಗೆ ಗಾಳಿ ಊದಬೇಕು. ನಾನು ಕುಡುಗೋಲುಗಳ ಜೊತೆ ನನ್ನ ಬೆಳ್ಳಿ ಸುಂದರಿಯನ್ನೂ ಸೆರಗಿನೊಳಗೆ ಒಯ್ದಿದ್ದೆ. ಕಮ್ಮಾರ ಮಾತಿನ ಮಲ್ಲ, ಅರ್ಧ ಸುಳ್ಳು, ಅರ್ಧ ಜಂಬ. ಅಲಗನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿಯ ಹತ್ತಿರ ಹಿಡಿದ.

"ಮೂಗಿ ಇದು" ಅಂದ.

"ಏನು ಹಂಗಂದ್ರೆ?"

"ಮಾತಾಡಲ್ಲ. ಬರೀ ಮೆದು ಕಬ್ಬಿಣ. ಕಾಸಿ ನೀರಿಗೆ ಹಾಕಿದ್ರೂ ಗಟ್ಟಿ ಆಗಲ್ಲ, ಸ್ನಾನ ಮಾಡಿದಂಗೆ ಎದ್ದು ಬರ್ತದೆ. ನಿಮ್ಮಕ್ಕನ ಕತ್ತಿ ತಟ್ಟಿ ನೋಡಿದೀರಾ? ಗಂಟೆ. ನಾನೇ ಮಾಡಿದ್ದು."

ಅಕ್ಕನ ಕತ್ತಿಯ ಜಾತಕ ಅವತ್ತು ಗೊತ್ತಾಯಿತು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬರುತ್ತಿದ್ದ ಬಸ್ಸು ಒಮ್ಮೆ ಹಳ್ಳಕ್ಕೆ ಬಿದ್ದು ಅದರ ಅಡಿಯ ಕಮಾನು ಪಟ್ಟಿ ಮುರಿಯಿತಂತೆ. ಆ ತುಂಡನ್ನು ಇವನು ಹೊತ್ತು ತಂದನಂತೆ. ಬಸ್ಸಿನ ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು. ಗಟ್ಟಿಯೂ ಹೌದು, ಒಡೆಯುವುದೂ ಇಲ್ಲ. ಅರದಂಥ ಉಕ್ಕಾದರೆ ಬಲು ಗಟ್ಟಿ, ಆದರೆ ಒಣಕೊಬ್ಬರಿಗೆ ತಾಗಿದರೂ ಹಲ್ಲು ಉದುರುತ್ತದೆ. ಇದನ್ನು ಕಾಸಿ, ಬಾಯಿಗಷ್ಟೇ ನೀರು ಕುಡಿಸಿ, ಬೆನ್ನಿಗೆ ಕುಡಿಸದೆ, ಕಲ್ಲಿಗೆ ಉಜ್ಜಿ ಬಣ್ಣ ನೋಡುತ್ತಾ ಕೂರಬೇಕು. ಬಾಯಿ ಭತ್ತದ ಹುಲ್ಲಿನ ಬಣ್ಣಕ್ಕೆ ತಿರುಗಿದ ಗಳಿಗೆಗೆ ತಣಿಸಬೇಕು. ಅದು ದಾಟಿದರೆ ಮತ್ತೆ ಮೆದು. ಇದನ್ನೆಲ್ಲ ಹೇಳುವಾಗ ಅವನು ಬೆಂಕಿಯಲ್ಲಿದ್ದ ನಮ್ಮ ಕುಡುಗೋಲನ್ನು ಮರೆತು ಅದರ ತುದಿ ಸುಟ್ಟುಕೊಂಡ. ಆಮೇಲೆ ನಾನು ತಿದಿ ಜೋರಾಗಿ ಒತ್ತಿದ್ದೇ ತಪ್ಪು ಅಂದ.

"ಅದಕ್ಕೇನೀಗ" ಅಂದ ಮೇಲೆ. "ಆ ಪಟ್ಟಿದು ಇನ್ನೊಂದು ತುಂಡು ನನ್ ಹತ್ರ ಬಿದ್ದಿದೆ. ನಿಮ್ಮ ಮೂಗಿಯ ಬಾಯಿಗೆ ಅದನ್ನ ಕೂಡಿಸಿ ಬೆಸಿತೀನಿ. ಮೈ ಕಬ್ಬಿಣ, ಬಾಯಿ ಉಕ್ಕು. ನಿಮ್ಮಕ್ಕನ ಕತ್ತಿಯಂಥದ್ದೇ ಆಗ್ತದೆ. ಕೊಯ್ಲಾದ ಮೇಲೆ ಒಂದು ಕೊಳಗ ಭತ್ತ ಕೊಡಿ ಸಾಕು."

ಕತ್ತಿಯ ಬೆಲೆ ಅವತ್ತು ನನಗೆ ತಿಳಿಯಿತು. ಕೆತ್ತನೆಗಲ್ಲ, ಹಿತ್ತಾಳೆಯ ಹೂವಿಗಲ್ಲ, ಬಾಯಿಯಲ್ಲಿ ಬೆರಳಗಲ ಉಕ್ಕು ಇದೆಯೋ ಇಲ್ಲವೋ ಅನ್ನುವುದಕ್ಕೆ. ಆದರೂ ಬೇಡ ಅಂದೆ. ಅಕ್ಕನ ಕತ್ತಿಯಂಥದ್ದು ಯಾರಿಗೆ ಬೇಕಿತ್ತು? ಅದನ್ನು ಮಾಡಿಸಿಕೊಂಡು ಹೋದರೆ ಅವಳದು ಅವಳ ಹತ್ತಿರವೇ ಉಳಿಯುತ್ತದಲ್ಲ. ಇಬ್ಬರೂ ಸರಿಸಮ ಕೂತು ಸರ್ ಸರ್ ಅಂದರೆ ಅದರಲ್ಲೇನು ಸುಖ?

ಮರುವರ್ಷ ಮಾವ ತೀರಿಕೊಂಡರು. ಅಣ್ಣತಮ್ಮಂದಿರು ಜಗಳವಿಲ್ಲದೆ ಬೇರೆಯಾಗಲು ಒಪ್ಪಿದರು. ಮನೆಯ ನಡುವೆ ಒಂದು ಗೋಡೆ, ಅತ್ತೆ ದೊಡ್ಡ ಮಗನ ಕಡೆ. ಹಿಸ್ಸೆಗೆ ಆ ಕಡೆ ಒಂದು ನ್ಯಾಯ ಇತ್ತು: ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಬೇಕು. ಪಾಲು ಮಾಡಿದವನಿಗೆ ಯಾವುದು ಉಳಿಯುತ್ತದೆ ಅಂತ ಗೊತ್ತಿರುವುದಿಲ್ಲವಾದ್ದರಿಂದ ಮೋಸ ಮಾಡಲಾಗುವುದಿಲ್ಲ. ಗದ್ದೆ, ಎತ್ತು, ಕಣಜ ಎಲ್ಲ ಹಾಗೇ ಆಯಿತು. ಅಡುಗೆಮನೆಯ ಸಾಮಾನನ್ನು ಎರಡು ಗುಂಪು ಮಾಡಿ ಅಂಗಳದಲ್ಲಿ ಇಡುವ ಕೆಲಸ ಅಕ್ಕನದು. ಆರಿಸುವುದು ನಾವು.

ಅದು ಗೊತ್ತಾದ ದಿನದಿಂದ ನನಗೆ ನೆಲದ ಮೇಲೆ ಕಾಲಿಲ್ಲ. ಎರಡು ಕತ್ತಿ, ಎರಡು ಗುಂಪು. ಗುಂಪಿಗೊಂದು ಕತ್ತಿ ಬರಲೇಬೇಕು. ಅವಳು ಹೇಗೆ ಇಟ್ಟರೂ ಕಪ್ಪು ಕತ್ತಿಯ ಗುಂಪನ್ನು ನಾನು ಎತ್ತಿಕೊಳ್ಳುವವಳು.

ಆ ಬೆಳಿಗ್ಗೆ ಊರಿನ ಹಿರಿಯರೊಬ್ಬರು ಬಂದು ಕಟ್ಟೆಯ ಮೇಲೆ ಕೂತರು. ಅಕ್ಕ ಒಂದೊಂದೇ ಸಾಮಾನು ತಂದಿಟ್ಟಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಈ ಕಡೆ ಒಂದು ಕೊಡ, ಆ ಕಡೆ ಒಂದು ಕೊಡ. ಈ ಕಡೆ ಒರಳು, ಆ ಕಡೆ ಬೀಸುವ ಕಲ್ಲು. ಕೊನೆಗೆ ಶಿಕಾರಿಪುರದ ಕತ್ತಿಯನ್ನು ಎಡದ ಗುಂಪಿಗೆ ಇಟ್ಟಳು. ಅದರ ಪಕ್ಕಕ್ಕೆ ಬಚ್ಚಲಿನ ದೊಡ್ಡ ತಾಮ್ರದ ಹಂಡೆಯನ್ನು ಉರುಳಿಸಿಕೊಂಡು ಬಂದು ಕೂರಿಸಿದಳು. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದಳು. ಬಲದ ಗುಂಪಿಗೆ ಕಪ್ಪು ಕತ್ತಿ, ಅದರ ಜೊತೆ ಸಮಕ್ಕೆ ಅಂತ ಎರಡು ಕಂಚಿನ ತಟ್ಟೆ, ಒಂದು ಕಬ್ಬಿಣದ ಬಾಣಲೆ.

"ದೊಡ್ಡಮ್ಮ, ಇದು ಸಮ ಆಯ್ತೇನಮ್ಮ?" ಹಿರಿಯರು ಕೇಳಿದರು. "ಹಂಡೆ ಒಂದು ಕಡೆಗೇ ಬಂತಲ್ಲ."

"ಹಂಡೆ ಒಂದೇ ಇರೋದು, ಎರಡು ತುಂಡು ಮಾಡಕ್ಕಾಗ್ತದಾ? ಆರಿಸೋರು ಅವರು. ಬೇಕಿದ್ರೆ ಹಂಡೆನೇ ತಗಳ್ಳಲಿ" ಅಂದಳು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ.

ನನಗೆ ಆಗ ಹೊಳೆಯಿತು. ಇದು ಗಾಳ. ಹಂಡೆ ನೋಡಿ ನಾವು ಬಾಯಿಬಿಡಬೇಕು, ಕಪ್ಪು ಕತ್ತಿ ಸದ್ದಿಲ್ಲದೆ ಅವಳಿಗೆ ಉಳಿಯಬೇಕು. ಎಂಥ ಬುದ್ಧಿ. ನೋಡುತ್ತಿದ್ದಂತೆ ನಮ್ಮ ಯಜಮಾನರು ಎದ್ದು ಹಂಡೆಯ ಕಡೆ ಎರಡು ಹೆಜ್ಜೆ ಹಾಕಿಯೇ ಬಿಟ್ಟರು. ಗಾಳಕ್ಕೆ ಮೀನು ಬಿತ್ತು. ನಾನು ಬಳೆ ಅಲ್ಲಾಡಿಸಿದೆ. ಕೇಳಿಸಲಿಲ್ಲ. ಕೆಮ್ಮಿದೆ. ಅವರು ಹಂಡೆಯ ಕಂಠಕ್ಕೆ ಕೈ ಹಾಕಲು ಬಗ್ಗಿದರು.

ಭಾವನ ಮುಂದೆ, ಊರ ಹಿರಿಯರ ಮುಂದೆ ಬಾಗಿಲು ದಾಟಿ ಬರುವ ಹಾಗಿರಲಿಲ್ಲ. ಸೆರಗು ಎಳೆದುಕೊಂಡು ದಾಟಿದೆ. ಅಂಗಳದ ನಡುವೆ ಹಾದು, ಕಪ್ಪು ಕತ್ತಿಯ ಮಣೆಯ ಮೇಲೆ ಕೂತುಬಿಟ್ಟೆ.

ಯಜಮಾನರು ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ಹಿರಿಯರು ಎಲೆಯಡಿಕೆ ಉಗಿದು ಬಂದು ಅಂದರು: "ಕೂತಾಯ್ತಲ್ಲಪ್ಪ. ಇನ್ನು ಎಬ್ಬಿಸಕ್ಕೆ ಬರಲ್ಲ. ಬಲಗಡೆ ಪಾಲು ಕಿರಿಯೋನದು."

ಗೋಡೆ ಎದ್ದಿತು. ನಾನು ಆ ದಿನವೇ ಒಂದು ಸೌತೆಕಾಯಿಯನ್ನು, ಹಸಿವಿಲ್ಲದಿದ್ದರೂ, ಗೋಡೆಯ ಪಕ್ಕ ಕೂತು ಹೆಚ್ಚಿದೆ. ಸರ್ ಸರ್. ಗೋಡೆಯಾಚೆಗೆ ಕೇಳಿಸಲಿ ಅಂತ ಇನ್ನೊಂದನ್ನೂ ಹೆಚ್ಚಿದೆ. ಕತ್ತಿ ಮುನಿಸಿಕೊಳ್ಳಲಿಲ್ಲ. ಎರಡೇ ವಾರದಲ್ಲಿ ನನ್ನ ಪಲ್ಯ ನೋಡಿದವರು ಇದು ಅದೇ ಹುಡುಗಿಯ ಕೈಯಾ ಅಂದರು. ಉಕ್ಕಿನ ಮಹಿಮೆ ಸುಳ್ಳಲ್ಲ, ನಾನು ಕಣ್ಣಾರೆ ಕಂಡೆ. ವಾರಕ್ಕೊಮ್ಮೆ ಕಲ್ಲಿಗೆ ನಾಲ್ಕು ಸಲ ಎಳೆದರೆ ಮುಗಿಯಿತು.

ಮಳೆ ಶುರುವಾದ ಮೇಲೆ ಮಾತ್ರ ತೊಂದರೆಯಾಯಿತು. ಹಂಡೆಯಿಲ್ಲದ ಬಚ್ಚಲಲ್ಲಿ ಮಣ್ಣಿನ ಗಡಿಗೆಯಲ್ಲಿ ನೀರು ಕಾಸುತ್ತಿದ್ದೆ. ಒಬ್ಬರಿಗೆ ಸಾಲುವಷ್ಟರಲ್ಲಿ ಇನ್ನೊಬ್ಬರ ಪಾಲಿಗೆ ತಣ್ಣೀರು. ಗದ್ದೆಯಿಂದ ನೆನೆದು ಬಂದ ಯಜಮಾನರು ನಡುಗುತ್ತಾ ಕೂಗುತ್ತಿದ್ದರು:

"ಎಲ್ಲೇ ಬಿಸಿನೀರು?"

"ಕಾಯ್ತಾ ಇದೆ ರೀ."

"ಆ ಕತ್ತಿಲೇ ಕಾಸಿಬಿಡು. ಭಾರಿ ಉಕ್ಕಲ್ವಾ, ಬೇಗ ಕಾಯ್ತದೆ."

ಗೋಡೆಯಾಚೆಯಿಂದ ಹಂಡೆಗೆ ಚೆಂಬು ಮುಳುಗುವ ಸದ್ದು ಬರುತ್ತಿತ್ತು. ಭಾವ ಹಾಡು ಹೇಳಿಕೊಂಡು ಮೈ ತುಂಬ ಹೊಯ್ದುಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚಿನಿಂದ ನೀರು ಕಾಯುವ ಹಾಗಿದ್ದರೆ ನಮ್ಮ ಬಚ್ಚಲಲ್ಲಿ ಆ ಮಳೆಗಾಲ ಪೂರ್ತಿ ಕುದಿಯುತ್ತಿತ್ತು.

ಪರವಾಗಿಲ್ಲ ಅಂತ ಹಲ್ಲು ಕಚ್ಚಿಕೊಂಡೆ. ಭೂಮಿ ಹುಣ್ಣಿಮೆ ಬರುತ್ತಿತ್ತು. ಈ ಸಲ ಎರಡು ಮನೆ, ಎರಡು ಚರಗ. ನನ್ನ ಬುಟ್ಟಿಯ ಸೊಪ್ಪು ಎಳೆಎಳೆಯಾಗಿ, ಹಸಿರು ಕೆಡದೆ ಇರುತ್ತದೆ. ಅವಳ ಬುಟ್ಟಿಯಲ್ಲಿ ಆ ಮೂಗಿ ಜಜ್ಜಿದ ಕಪ್ಪು ಮುದ್ದೆ. ಊರವರು ಎರಡಕ್ಕೂ ಇಣುಕುತ್ತಾರೆ. ಅವರು ಏನನ್ನಬೇಕು ಅನ್ನುವುದನ್ನೂ ನಾನು ಮನಸ್ಸಿನಲ್ಲೇ ಅನ್ನಿಸಿ ಆಗಿತ್ತು.

ಹುಣ್ಣಿಮೆ ಹತ್ತಿರವಾದಾಗ, ನನ್ನ ಕತ್ತಿಯ ಬಾಯಿಯನ್ನು ಇನ್ನಷ್ಟು ಹರಿತ ಮಾಡಿಸೋಣ ಅಂತ ಕುಲುಮೆಗೆ ಹೋದೆ. ದೂರದಿಂದಲೇ ಸುತ್ತಿಗೆಯ ಸದ್ದು ಬರುತ್ತಿತ್ತು. ಒಳಗೆ ಕಾಲಿಟ್ಟರೆ, ತಿದಿಯ ಮುಂದೆ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆರಾಮವಾಗಿ ಒತ್ತುತ್ತಿದ್ದಳು. ಹಿತ್ತಾಳೆಯ ಹೂವು ಬಿಚ್ಚಿ ಪಕ್ಕದಲ್ಲಿ ಇಟ್ಟಿತ್ತು, ಕೆತ್ತನೆಯ ಮಣೆ ಗೋಡೆಗೆ ಒರಗಿತ್ತು. ಬೆಂಕಿಯೊಳಗೆ ನನ್ನ ಹಳೆಯ ಬೆಳ್ಳಿ ಸುಂದರಿ ಕೆಂಪಗೆ ಮಲಗಿದ್ದಳು. ಅವಳ ಬಾಯಿಯುದ್ದಕ್ಕೂ ಇನ್ನೊಂದು ಲೋಹದ ಪಟ್ಟಿ ಕೂಡಿಕೊಳ್ಳುತ್ತಿತ್ತು.

"ಬನ್ನಿ ಬನ್ನಿ" ಅಂದ ಕಮ್ಮಾರ. "ಬಸ್ಸಿನ ಪಟ್ಟಿ ಇವತ್ತಿಗೆ ಖಾಲಿ. ಇನ್ನೊಂದು ಬಸ್ಸು ಹಳ್ಳಕ್ಕೆ ಬೀಳೋ ತನಕ ಇಂಥ ಉಕ್ಕು ಈ ಸೀಮೆಲಿ ಸಿಗಲ್ಲ."

ಅದೇ ತುಂಡು. ನಾನು ಬೇಡ ಅಂದ ತುಂಡು. ಇನ್ನು ಅವಳಿಗೆ ಅದೇ ಉಕ್ಕಿನ ಬಾಯಿ, ಅದರ ಮೇಲೆ ಕೆತ್ತನೆ, ಹಿತ್ತಾಳೆಯ ಹೂವು, ಮನೆಗೆ ಹೋದರೆ ಹಂಡೆ ತುಂಬ ಬಿಸಿನೀರು. ನನ್ನ ಸೆರಗಿನೊಳಗಿದ್ದ ಕತ್ತಿ ಒಮ್ಮೆಲೇ ಭಾರವಾಯಿತು.

"ಅಕ್ಕಾ, ಪಾಲು ಇಡೋ ದಿನನೇ ಇದು ನಿಮ್ಮ ತಲೇಲಿತ್ತಾ?" ಕೇಳಿದೆ.

"ಯಾವುದು?"

"ಹಂಡೆನ ತಿಕ್ಕಿ ತಿಕ್ಕಿ ಆ ಕಡೆ ಇಟ್ರಲ್ಲ. ನಾನು ಕತ್ತಿಗೇ ಹೋಗ್ತೀನಿ ಅಂತ ಗೊತ್ತಿತ್ತು ನಿಮಗೆ."

"ಹೂಂ, ಗೊತ್ತಿತ್ತು."

"ಹೆಂಗೆ ಗೊತ್ತಿತ್ತು? ಉಕ್ಕು ಯಾವುದು, ಕಬ್ಬಿಣ ಯಾವುದು ಅಂತ ನನಗೆ ತಿಳಿದಿದೆ ಅಂತ ನಿಮಗೆ ಯಾರು ಹೇಳಿದ್ರು?"

ಅಕ್ಕ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ಬೆಂಕಿ ಒಮ್ಮೆ ಎದ್ದು ಒಮ್ಮೆ ಬಿದ್ದು, ಅವಳ ಮುಖ ಬೆಳಗುತ್ತಿತ್ತು. ನನ್ನ ಕಡೆ ತಿರುಗಿಯೂ ನೋಡದೆ ಅಂದಳು:

"ಉಕ್ಕು ಎಲ್ಲಿ ಬೇಕಿತ್ತೇ ನಿಂಗೆ? ನಾನು ದಿನಾ ಆ ಹಂಡೆ ಮೇಲೆ ಕೂತು ಸೊಪ್ಪು ಸೋಸಿದ್ದಿದ್ರೆ, ನೀನು ಆವತ್ತು ಬಂದು ಹಂಡೆ ಮೇಲೆ ಕೂರ್ತಿದ್ದೆ."